ಐಸಿಯು ಮೆಷಿನ್‌ಗಳನ್ನು ಒಂದೇ ಸ್ಕ್ರೀನಿಗೆ ಜೋಡಿಸಬಹುದೇ?

ಪ್ರಶ್ನೆ: ನಮ್ಮದು ಜಮಖಂಡಿಯಲ್ಲಿ 40 ಹಾಸಿಗೆಯ ಆಸ್ಪತ್ರೆ. ಐಸಿಯುನಲ್ಲಿ 8 ಬೆಡ್ ಇವೆ. ಐದು ಮಾನಿಟರ್ ಒಂದು ಕಂಪನಿಯವು, ಮೂರು ಇನ್ನೊಂದರವು. ಎರಡು ವೆಂಟಿಲೇಟರ್, ಹತ್ತು ಸಿರಿಂಜ್ ಪಂಪ್ ಇವೆ. ರಾತ್ರಿ ಒಬ್ಬರೇ ಡ್ಯೂಟಿ ಡಾಕ್ಟರ್, ಇಬ್ಬರು ಸಿಸ್ಟರ್. ಒಬ್ಬ ವೆಂಡರ್ ಬಂದು, "ಎಲ್ಲವೂ ಎಚ್‌ಎಲ್7 ಇದೆ, ಸಲೀಸಾಗಿ ಜೋಡಣೆ ಆಗುತ್ತೆ. ನಿಮ್ಮ ವೈಫೈಗೇ ಸೇರಿಸಿ ಒಂದೇ ಸ್ಕ್ರೀನಿನಲ್ಲಿ ತೋರಿಸ್ತೀವಿ, ಮೊಬೈಲಿಗೂ ಅಲಾರಂ ಬರುತ್ತೆ" ಎನ್ನುತ್ತಿದ್ದಾರೆ. ಈ ತಿಂಗಳೊಳಗೆ ಅಡ್ವಾನ್ಸ್ ಕೊಟ್ಟರೆ ರಿಯಾಯಿತಿ ಇದೆಯಂತೆ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ, ಹ್ಯಾಕರ್‌ಗಳು ಪಂಪಿನ ಡೋಸ್ ಬದಲಿಸಬಹುದು, ಬೇಡ ಎನ್ನುತ್ತಾನೆ. ಹಿರಿಯ ಪಾಲುದಾರರು ಯಾವ ಮೆಷಿನ್ನಿಗೂ ವೈರ್ ಹಾಕುವುದೇ ಬೇಡ ಎನ್ನುತ್ತಾರೆ. ಎರಡು ತಿಂಗಳ ಹಿಂದೆ ಬಿಲ್ಲಿಂಗ್ ಕಂಪ್ಯೂಟರಿಗೆ ವೈರಸ್ ಬಂದು ಫೈಲ್‌ಗಳೆಲ್ಲ ಲಾಕ್ ಆಗಿದ್ದವು. ಫಾರ್ಮ್ಯಾಟ್ ಮಾಡಿಸಿದೆವು. ಆ ಭಯವೂ ಇದೆ. ಯಾರ ಮಾತು ಕೇಳಲಿ?

ಉತ್ತರ:

ಡಾಕ್ಟರೇ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದು ಸಾಲಿನ ಮೇಲೆ. ರಾತ್ರಿ ಒಬ್ಬ ಡಾಕ್ಟರ್, ಇಬ್ಬರು ಸಿಸ್ಟರ್, ಎಂಟು ಬೆಡ್. ಇಬ್ಬರೂ ಸಿಸ್ಟರ್ ಎರಡನೇ ಬೆಡ್ಡಿನ ರೋಗಿಯನ್ನು ಹೊರಳಿಸುತ್ತಿರುವಾಗ ಆರನೇ ಬೆಡ್ಡಿನಲ್ಲಿ, ಪರದೆಯ ಹಿಂದೆ, ಆಕ್ಸಿಜನ್ ಇಳಿಯುತ್ತಿದ್ದರೆ ಯಾರಿಗೆ ಗೊತ್ತಾಗಬೇಕು? ನಿಮ್ಮನ್ನು ಕಾಡುತ್ತಿರುವುದು ಇದು. ಅದಕ್ಕೆ ದಾರಿ ಹುಡುಕಲು ಹೋದಾಗ ಹ್ಯಾಕರ್ ಭಯ, ವೈರಸ್ ಭಯ, ದುಡ್ಡು ಹೋಗುವ ಭಯ ಒಟ್ಟಿಗೇ ಬಂದು ಕೂತಿವೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಬಯೋಮೆಡಿಕಲ್ ಇಂಜಿನಿಯರ್ ಆಗಿ ಓಡಾಡುತ್ತಾ ಬಂದವನು ನಾನು. ನನ್ನ ಚಿಕ್ಕ ಉತ್ತರ ಇಷ್ಟು. ಮಾನಿಟರ್‌ಗಳನ್ನು ಜೋಡಿಸಿ, ಆದರೆ ಈಗಿರುವ ವೈಫೈಗೆ ಬೇಡ. ಪಂಪ್, ವೆಂಟಿಲೇಟರ್ ಸದ್ಯಕ್ಕೆ ಹಾಗೇ ಇರಲಿ. ಮೊಬೈಲಿಗೆ ಅಲಾರಂ ಬರುತ್ತದೆ ಎಂದು ನಂಬಿ ಐಸಿಯುನಲ್ಲಿ ಒಬ್ಬ ಸಿಸ್ಟರನ್ನೂ ಕಡಿಮೆ ಮಾಡಬೇಡಿ. ಯಾಕೆ ಅನ್ನುವುದನ್ನು ಈಗ ಬಿಡಿಸಿ ಹೇಳುತ್ತೇನೆ.

ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. 2015ರ ಜುಲೈನಲ್ಲಿ ಅಮೆರಿಕದ ಔಷಧಿ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹೊಸ್ಪಿರಾ ಕಂಪನಿಯ ಸಿಂಬಿಕ್ ಎಂಬ ಇನ್ಫ್ಯೂಷನ್ ಪಂಪನ್ನು ಬಳಸುವುದು ನಿಲ್ಲಿಸಿ ಎಂದು ಆಸ್ಪತ್ರೆಗಳಿಗೆ ಹೇಳಿತು. ಆಸ್ಪತ್ರೆಯ ನೆಟ್‌ವರ್ಕ್ ಮೂಲಕ ಒಳಗೆ ನುಗ್ಗಿ ಔಷಧಿ ಹರಿಯುವ ಪ್ರಮಾಣ ಬದಲಿಸಲು ಸಾಧ್ಯ ಎಂಬುದು ಕಾರಣ. ಆದರೆ ಯಾವ ರೋಗಿಗೂ ಇದರಿಂದ ತೊಂದರೆಯಾದ ವರದಿ ತನ್ನ ಬಳಿ ಇಲ್ಲ ಎಂದೂ ಅದೇ ಎಫ್‌ಡಿಎ ಹೇಳಿತ್ತು. ಅಂದರೆ ದಾರಿ ಇತ್ತು, ಆ ದಾರಿಯಲ್ಲಿ ಯಾರೋ ಬಂದು ರೋಗಿಯನ್ನು ಘಾಸಿ ಮಾಡಿದ್ದು ಕಂಡುಬಂದಿರಲಿಲ್ಲ.

ಆಸ್ಪತ್ರೆಗಳನ್ನು ನಿಜವಾಗಿ ಮಲಗಿಸಿದ್ದು ಬೇರೆಯದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ವೈರಸ್, ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಗೆ ತಗುಲಿತು. ಆಪರೇಷನ್‌ಗಳು ರದ್ದಾದವು, ಆಂಬುಲೆನ್ಸ್‌ಗಳು ಬೇರೆ ಆಸ್ಪತ್ರೆಗಳಿಗೆ ತಿರುಗಿದವು. ಯಾರೂ ಆ ಆಸ್ಪತ್ರೆಗಳನ್ನೇ ಗುರಿ ಇಟ್ಟಿರಲಿಲ್ಲ. ವಿಂಡೋಸ್‌ನ ಒಂದು ತೂತಿನ ಮೂಲಕ ವೈರಸ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಡಿತು. ಆ ತೂತು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದ ಕಡೆ ಹೊಡೆತ ಬಿತ್ತು. ನಮ್ಮಲ್ಲೇ 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳು ಲಾಕ್ ಆಗಿ, ಒಪಿಡಿಯಿಂದ ಲ್ಯಾಬ್‌ವರೆಗೆ ದಿನಗಟ್ಟಲೆ ಕಾಗದ ಪೆನ್ನಿನಲ್ಲೇ ಕೆಲಸ ನಡೆಯಿತು.

ನಿಮ್ಮ ಬಿಲ್ಲಿಂಗ್ ಕಂಪ್ಯೂಟರಿಗೆ ಬಂದದ್ದೂ ಇದೇ ಜಾತಿಯದು. ಜಮಖಂಡಿಯ ಆಸ್ಪತ್ರೆ ಯಾರಿಗೆ ಬೇಕು ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಆ ಪ್ರೋಗ್ರಾಮ್‌ಗಳಿಗೆ ಊರಿನ ಹೆಸರು ಬೇಕಾಗಿಲ್ಲ. ತೆರೆದ ಬಾಗಿಲು ಎಲ್ಲಿದೆ ಎಂದು ಹಗಲು ರಾತ್ರಿ ತಡಕುತ್ತಲೇ ಇರುತ್ತವೆ. ಫಾರ್ಮ್ಯಾಟ್ ಮಾಡಿಸಿದಿರಿ, ಸರಿ. ಅದು ಯಾವ ಬಾಗಿಲಿನಿಂದ ಬಂತು ಎಂದು ಯಾರಾದರೂ ನೋಡಿದರಾ? ನೋಡದಿದ್ದರೆ ಆ ಬಾಗಿಲು ಇನ್ನೂ ತೆರೆದೇ ಇರಬಹುದು. ಅದೇ ವೈಫೈಗೆ ಈಗ ಐಸಿಯು ಮಾನಿಟರ್ ಸೇರಿಸುತ್ತೇವೆ ಎನ್ನುತ್ತಿದ್ದಾರೆ. ನಾನು ಬೇಡ ಎನ್ನಲು ಮೊದಲ ಕಾರಣ ಇದು.

ನಿಮ್ಮ ಪಾಲುದಾರರ ಮಾತಿಗೂ ತೂಕವಿದೆ. ವೈರ್ ಇಲ್ಲದ ಮೆಷಿನ್ ಕೆಟ್ಟರೆ ಒಂದೇ ಬೆಡ್ಡಿಗೆ ಕೆಡುತ್ತದೆ. ಆದರೆ ಒಂಟಿ ಮೆಷಿನ್ ಅಂದರೆ ಅಪಾಯವೇ ಇಲ್ಲ ಅಂತಲ್ಲ. ಅರಿವಳಿಕೆ ತಜ್ಞರ ನಡುವೆ ಬಹಳ ಚರ್ಚೆಯಾದ ಅಮೆರಿಕದ ಒಂದು ಘಟನೆ ಇದೆ. ಪಿತ್ತಕೋಶದ ಆಪರೇಷನ್ ನಡುವೆ ಎಕ್ಸ್‌ರೇ ತೆಗೆಯಬೇಕಿತ್ತು. ಉಸಿರಾಟಕ್ಕೆ ಚಿತ್ರ ಮಸುಕಾಗಬಾರದು ಎಂದು ವೆಂಟಿಲೇಟರ್ ನಿಲ್ಲಿಸಿದರು. ಫಿಲ್ಮ್ ಟೇಬಲ್ ಕೆಳಗೆ ಸಿಕ್ಕಿಕೊಂಡಿತು. ಅರಿವಳಿಕೆ ವೈದ್ಯರೂ ಅದನ್ನು ಬಿಡಿಸಲು ಕೈ ಹಾಕಿದರು. ಆ ಗಡಿಬಿಡಿಯಲ್ಲಿ ವೆಂಟಿಲೇಟರನ್ನು ಮತ್ತೆ ಶುರು ಮಾಡುವುದೇ ಮರೆತುಹೋಯಿತು. ರೋಗಿ ಉಳಿಯಲಿಲ್ಲ. ಎಕ್ಸ್‌ರೇ ಮೆಷಿನ್ನಿಗೂ ವೆಂಟಿಲೇಟರಿಗೂ ಮಾತುಕತೆ ಇದ್ದಿದ್ದರೆ ಎರಡು ಉಸಿರಿನ ನಡುವೆಯೇ ಚಿತ್ರ ತೆಗೆಯಬಹುದಿತ್ತು, ವೆಂಟಿಲೇಟರ್ ನಿಲ್ಲಿಸಬೇಕಾಗಿಯೇ ಇರಲಿಲ್ಲ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅರಿವಳಿಕೆ ತಜ್ಞ ಜೂಲಿಯನ್ ಗೋಲ್ಡ್‌ಮನ್ ಇಂಥ ಜೋಡಣೆಗಾಗಿಯೇ 2004ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದರು. ನೋವಿನ ಔಷಧಿ ಕೊಡುವ ಪಂಪು, ರೋಗಿಯ ಆಕ್ಸಿಜನ್ ಇಳಿದರೆ ತಾನೇ ನಿಲ್ಲುವಂತೆ ಮಾಡುವುದು ಅವರು ಹಿಡಿದ ಇನ್ನೊಂದು ಉದಾಹರಣೆ. ಮೆಷಿನ್‌ಗಳನ್ನು ಮಾತಾಡಿಸುವ ಆಸೆ ಹುಟ್ಟಿದ್ದು ಇಂಥ ಸಾವುಗಳಿಂದ. ಸುಮ್ನೆ ಶೋಕಿಗೆ ಹುಟ್ಟಿದ್ದಲ್ಲ.

ಇನ್ನು ವೈರ್ ಹಾಕದ ಮೆಷಿನ್ನಿಗೂ ಪೆನ್‌ಡ್ರೈವ್ ಹಾಕುತ್ತಾರೆ. ಸರ್ವಿಸ್‌ಗೆ ಬಂದವರು ತಮ್ಮ ಲ್ಯಾಪ್‌ಟಾಪ್ ಜೋಡಿಸುತ್ತಾರೆ. ಅದೇ ಲ್ಯಾಪ್‌ಟಾಪ್ ಬೆಳಿಗ್ಗೆ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಇತ್ತು.

ಈಗ ವೆಂಡರ್ ಮಾತು. ಎಚ್‌ಎಲ್7 ಎಂಬುದು 1987ರಿಂದ ಬೆಳೆದು ಬಂದ ಒಂದು ಸಂದೇಶದ ಭಾಷೆ. ಅದು ಇದ್ದರೆ ಒಳ್ಳೆಯದೇ. ಆದರೆ ಅದರ ಹಳೆಯ ಎರಡನೇ ಆವೃತ್ತಿ, ಆಸ್ಪತ್ರೆಗಳಲ್ಲಿ ಇವತ್ತಿಗೂ ಜಾಸ್ತಿ ಓಡುವುದು ಅದೇ, ಬಹಳಷ್ಟನ್ನು ಕಂಪನಿಗಳ ಇಷ್ಟಕ್ಕೆ ಬಿಟ್ಟಿದೆ. ಹಿಂದೆ ನಮ್ಮ ಸಂತೆಗಳಲ್ಲಿ ಸೇರು ಇತ್ತಲ್ವಾ, ಹೆಸರು ಒಂದೇ, ಅಳತೆ ಊರಿಗೊಂದು. ಹಾಗೇ ಇದು. ಒಂದು ಮೆಷಿನ್ ಸಕ್ಕರೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಕಳಿಸುತ್ತದೆ, ಇನ್ನೊಂದು ಮಿಲಿಮೋಲ್ ಲೆಕ್ಕದಲ್ಲಿ. ಎರಡರ ನಡುವೆ 18 ಪಟ್ಟು ವ್ಯತ್ಯಾಸ. ಸಂಖ್ಯೆ ಮಾತ್ರ ದಾಟಿ ಬಂದು ಯೂನಿಟ್ ಹಿಂದೆಯೇ ಉಳಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಎಕ್ಸ್‌ರೇ, ಸ್ಕ್ಯಾನ್ ಲೋಕದಲ್ಲಿ ಡೈಕಾಮ್ ಎಂಬ ಮಾನದಂಡ 1993ರಿಂದ ಗಟ್ಟಿಯಾಗಿ ನಿಂತಿದೆ. ಅಲ್ಲಿ ಈ ಗೋಜು ಕಡಿಮೆ. ಬೆಡ್ ಪಕ್ಕದ ಮೆಷಿನ್‌ಗಳಿಗೆ ಐಇಇಇ 11073 ಎಸ್‌ಡಿಸಿ ಎಂಬ ಹೊಸ ಮಾನದಂಡಗಳಿವೆ. ಬೇರೆ ಬೇರೆ ಕಂಪನಿಯ ಮೆಷಿನ್‌ಗಳು ಒಂದನ್ನೊಂದು ಗುರುತಿಸಿ, ಗುರುತು ಖಾತ್ರಿ ಮಾಡಿಕೊಂಡು ಮಾತಾಡಲಿ ಎಂಬುದು ಅದರ ಗುರಿ. ನಮ್ಮ ಕಡೆ ನಾನು ಕೈಯಿಟ್ಟ ಮೆಷಿನ್‌ಗಳಲ್ಲಿ ಅದು ಇನ್ನೂ ಕಂಡಿಲ್ಲ. ಆದ್ದರಿಂದ "ಎಲ್ಲವೂ ಎಚ್‌ಎಲ್7" ಎಂಬ ಮಾತಿಗೆ ಒಂದೇ ಉತ್ತರ ಕೊಡಿ. ನಿಮ್ಮ ಎರಡೂ ಕಂಪನಿಯ ಮಾನಿಟರ್ ಎದುರಿಗಿಟ್ಟು, ನಿಮ್ಮ ಕಣ್ಣ ಮುಂದೆ ಜೋಡಿಸಿ ತೋರಿಸಲಿ.

ಇನ್ನೊಂದು ವಿಷಯ. ಈ ಹಳೆಯ ಎಚ್‌ಎಲ್7 ಸಂದೇಶಗಳು ಸಾಮಾನ್ಯವಾಗಿ ಬಿಡಿ ಅಕ್ಷರದಲ್ಲೇ ಹೋಗುತ್ತವೆ. ಅದಕ್ಕೆ ಬೀಗ ಇಲ್ಲ. ಅದೇ ನೆಟ್‌ವರ್ಕಿನಲ್ಲಿ ಕೂತವರು ಓದಬಹುದು. ನಿಮ್ಮ ವೈಫೈ ಪಾಸ್‌ವರ್ಡ್ ರಿಸೆಪ್ಷನ್ ಗೋಡೆ ಮೇಲೆ ಅಂಟಿಸಿದ್ದೀರಾ? ನಾನು ನೋಡಿದ ಆಸ್ಪತ್ರೆಗಳಲ್ಲಿ ಅದು ಅಪರೂಪವಲ್ಲ.

ಇನ್ನು ನನಗೆ ನಿದ್ದೆ ಕೆಡಿಸುವ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ಹ್ಯಾಕರ್ ಇಲ್ಲವೇ ಇಲ್ಲ.

ಕೆಲವು ವರ್ಷಗಳ ಹಿಂದೆ ವಿಜಯಪುರದ ಒಂದು ಆಸ್ಪತ್ರೆಯಿಂದ ಸಂಜೆ ಫೋನ್ ಬಂತು. ಸೆಂಟ್ರಲ್ ಸ್ಟೇಷನ್ನಿನಲ್ಲಿ, ಅಂದರೆ ಎಲ್ಲ ಬೆಡ್‌ಗಳನ್ನೂ ಒಟ್ಟಿಗೆ ತೋರಿಸುವ ಸ್ಕ್ರೀನಿನಲ್ಲಿ, ಮೂರನೇ ಬೆಡ್ಡಿನ ನಾಡಿ ಒಮ್ಮೆ 70, ಒಮ್ಮೆ 130 ತೋರಿಸುತ್ತಿದೆ ಎಂದರು. ಹೋಗಿ ನೋಡಿದರೆ ಮೂರನೇ ಬೆಡ್ಡಿನ ರೋಗಿ ಆರಾಮಾಗಿದ್ದಾರೆ. ಹಿಂದಿನ ದಿನ ಐದನೇ ಬೆಡ್ಡಿನ ಮಾನಿಟರ್ ಕೆಟ್ಟು, ಬದಲಿ ಮಾನಿಟರ್ ಇಟ್ಟಿದ್ದರು. ಅದರ ಒಳಗಿನ ನೆಟ್‌ವರ್ಕ್ ವಿಳಾಸ ಮತ್ತು ಬೆಡ್ ನಂಬರ್, ಅದು ಮೊದಲು ಎಲ್ಲಿತ್ತೋ ಅಲ್ಲಿಯದೇ ಉಳಿದಿತ್ತು. ಎರಡು ಮೆಷಿನ್ ಒಂದೇ ಹೆಸರಿನಲ್ಲಿ ಮಾತಾಡುತ್ತಿದ್ದವು. 130 ಇದ್ದದ್ದು ಐದನೇ ಬೆಡ್ಡಿನ ರೋಗಿಗೆ. ಅಲ್ಲಿಯ ಸಿಸ್ಟರ್ ಬಹಳ ಚುರುಕು. ಸ್ಕ್ರೀನ್ ನಂಬದೆ ಎದ್ದು ಹೋಗಿ ಕೈಹಿಡಿದು ನಾಡಿ ನೋಡಿದ್ದರು. ಇಲ್ಲದಿದ್ದರೆ ಮೂರನೇ ಬೆಡ್ಡಿನವರಿಗೆ ಬೇಡದ ಔಷಧಿ ಹೋಗುತ್ತಿತ್ತೋ ಏನೋ, ಈಗಲೂ ನೆನೆಸಿದರೆ ಎದೆ ಝಲ್ ಎನ್ನುತ್ತದೆ.

ಇದಕ್ಕಿಂತ ಸಾಮಾನ್ಯವಾದದ್ದು ಇನ್ನೊಂದು. ಮಾನಿಟರ್ ಬೆಡ್ಡಿಗೆ ಸೇರಿದ್ದು, ರೋಗಿ ಬೆಡ್ಡಿಗೆ ಸೇರಿದವರಲ್ಲ. ಮಧ್ಯಾಹ್ನ ಒಬ್ಬರನ್ನು ವಾರ್ಡಿಗೆ ಕಳಿಸಿ ಅದೇ ಬೆಡ್ಡಿಗೆ ಇನ್ನೊಬ್ಬರನ್ನು ತರುತ್ತೀರಿ. ಮಾನಿಟರಿನಲ್ಲಿ ಹಳೆಯ ಹೆಸರು ಡಿಸ್ಚಾರ್ಜ್ ಮಾಡುವುದು ಮರೆಯುತ್ತದೆ. ಒಂಟಿ ಮಾನಿಟರ್ ಆಗಿದ್ದಾಗ ಇದರಿಂದ ದೊಡ್ಡ ತೊಂದರೆ ಇರಲಿಲ್ಲ. ಜೋಡಿಸಿದ ಮೇಲೆ ಹೊಸ ರೋಗಿಯ ಬಿಪಿ ಹಳೆಯ ರೋಗಿಯ ಕೇಸ್‌ಶೀಟಿಗೆ ಹೋಗಿ ಕೂರುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ, ಯಾಕೆಂದರೆ ಅದು ಕಂಪ್ಯೂಟರಿನಲ್ಲಿ ನೀಟಾಗಿ ಅಚ್ಚಾಗಿದೆ. ಬೆಡ್ ಬದಲಾದಾಗ ಮಾನಿಟರಿನಲ್ಲಿ ಹೆಸರು ಬದಲಿಸುವುದು ಯಾರ ಕೆಲಸ ಎಂದು ಜೋಡಣೆಗೆ ಮೊದಲೇ ಬರೆದಿಡಿ. ಬರೆದಿಡದೆ ಯಾವ ಸಾಫ್ಟ್‌ವೇರೂ ಇದನ್ನು ಸರಿಮಾಡುವುದಿಲ್ಲ.

ಗಡಿಯಾರದ ಮಾತೂ ಇದೆ. ಇವತ್ತೇ ಐಸಿಯುಗೆ ಹೋಗಿ ಎಲ್ಲ ಮೆಷಿನ್‌ಗಳ ಸಮಯ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಐದು ನಿಮಿಷ, ಹತ್ತು ನಿಮಿಷ, ಕೆಲವೊಮ್ಮೆ ಬೇರೆ ತಾರೀಖೇ ಕಾಣುತ್ತದೆ. ಬಿಪಿ ಇಳಿದದ್ದು ಮೊದಲೋ, ಪಂಪಿನ ವೇಗ ಬದಲಿಸಿದ್ದು ಮೊದಲೋ ಎಂದು ಆಮೇಲೆ ಹೇಳಲು ಆಗುವುದಿಲ್ಲ. ನೆಟ್‌ವರ್ಕಿಗೆ ಸೇರಿದ ಮೇಲೆ ಎಲ್ಲಕ್ಕೂ ಒಂದೇ ಸಮಯ ಕೊಡುವ ವ್ಯವಸ್ಥೆ ಮಾಡಬಹುದು. ಸರ್ಟ್-ಇನ್ ಎಂಬುದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ. ಅದರ 2022ರ ಏಪ್ರಿಲ್ 28ರ ನಿರ್ದೇಶನ, ಸಂಸ್ಥೆಗಳ ಕಂಪ್ಯೂಟರ್ ಗಡಿಯಾರಗಳನ್ನು ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿ ಎನ್ನುತ್ತದೆ. ಅದೇ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ನಿಮ್ಮ ಬಿಲ್ಲಿಂಗ್ ಕಂಪ್ಯೂಟರ್ ಲಾಕ್ ಆದದ್ದೂ ಅಂಥದ್ದೇ ಘಟನೆ. ಮುಂದಿನ ಸಲ ಫಾರ್ಮ್ಯಾಟ್ ಮಾಡುವ ಮುಂಚೆ ಇದು ನೆನಪಿರಲಿ.

ಇನ್ನು ಕರೆಂಟು. ಹೆಸ್ಕಾಂ ಲೈನ್ ಹೋದಾಗ ಮಾನಿಟರಿಗೆ ಒಳಗೆ ಬ್ಯಾಟರಿ ಇದೆ, ಸೆಂಟ್ರಲ್ ಸ್ಟೇಷನ್ ಕಂಪ್ಯೂಟರಿಗೆ ಯುಪಿಎಸ್ ಇದೆ. ನಡುವೆ ಎಲ್ಲ ಕೇಬಲ್ ಬಂದು ಸೇರುವ ಪುಟ್ಟ ಪೆಟ್ಟಿಗೆ, ನೆಟ್‌ವರ್ಕ್ ಸ್ವಿಚ್, ಮಾತ್ರ ಸಾದಾ ಪ್ಲಗ್ಗಿನಲ್ಲಿ, ಫಾಲ್ಸ್ ಸೀಲಿಂಗ್ ಮೇಲೆ ಧೂಳಿನಲ್ಲಿ ಕೂತಿರುತ್ತದೆ. ಜನರೇಟರ್ ಬರುವವರೆಗೆ ಎಂಟೂ ಬೆಡ್ ಸ್ಕ್ರೀನಿನಿಂದ ಮಾಯ. ಸ್ಕ್ರೀನ್ ನೋಡಿ ಕೂರುವುದು ರೂಢಿಯಾದ ಮೇಲೆ ಆ ಒಂದೆರಡು ನಿಮಿಷ ಬಹಳ ಉದ್ದ. ಸ್ವಿಚ್ಚಿಗೂ ಯುಪಿಎಸ್ ಕೊಡಿ.

ನಿಮ್ಮೆದುರು ಇರುವ ದಾರಿಗಳನ್ನು ಈಗ ನೋಡೋಣ.

ಎಲ್ಲವನ್ನೂ ಈಗಿದ್ದಂತೆ ಬಿಡಬಹುದು. ಪಂಪ್ ಮತ್ತು ವೆಂಟಿಲೇಟರಿಗೆ ನಾನು ಹೇಳುವುದೂ ಇದನ್ನೇ. ಅವು ರೋಗಿಯ ಮೈಗೆ ಏನನ್ನೋ ಕೊಡುವ ಮೆಷಿನ್‌ಗಳು. ಮಾನಿಟರ್ ನೋಡುತ್ತದೆ, ಹೇಳುತ್ತದೆ. ನೋಡುವುದನ್ನು ಜೋಡಿಸಿ ತಪ್ಪಾದರೆ ತಿದ್ದಲು ಹೊತ್ತು ಇರುತ್ತದೆ. ಕೊಡುವುದಕ್ಕೆ ಹೊರಗಿನಿಂದ ಆಜ್ಞೆ ಹೋಗುವಂತೆ ಮಾಡಿ ತಪ್ಪಾದರೆ ಆ ಹೊತ್ತು ಸಿಗುವುದಿಲ್ಲ. ಅಂಥ ಜೋಡಣೆಗೆ ಇಡೀ ಹೊತ್ತು ಬಯೋಮೆಡಿಕಲ್ ಮತ್ತು ಐಟಿ ಜನ ಇರುವ ಆಸ್ಪತ್ರೆ ಬೇಕು. 40 ಬೆಡ್ಡಿಗೆ ಅದು ಈಗ ಬೇಡ.

ಮಾನಿಟರ್‌ಗಳಿಗೆ ನನ್ನ ಒಲವು ಬೇರೆ ವೈರಿನ ಸೆಂಟ್ರಲ್ ಸ್ಟೇಷನ್ ಕಡೆಗೆ. ಐಸಿಯುಗೆ ಪ್ರತ್ಯೇಕ ಸ್ವಿಚ್, ಪ್ರತ್ಯೇಕ ಕೇಬಲ್, ಇಂಟರ್‌ನೆಟ್ ಇಲ್ಲ, ಬಿಲ್ಲಿಂಗ್ ಕಂಪ್ಯೂಟರಿನ ಸಹವಾಸ ಇಲ್ಲ. ಖರ್ಚು ಹೆಚ್ಚಿಲ್ಲ. ಇಂಥ ಸ್ವಿಚ್ ಸಾಮಾನ್ಯವಾಗಿ ಒಂದು ಮಾನಿಟರ್ ಬೆಲೆಗಿಂತ ಕಡಿಮೆಗೇ ಸಿಗುತ್ತದೆ. ತೊಡಕು ಬೇರೆ ಇದೆ. ಸೆಂಟ್ರಲ್ ಸ್ಟೇಷನ್ ಸಾಮಾನ್ಯವಾಗಿ ತನ್ನದೇ ಕಂಪನಿಯ ಮಾನಿಟರ್ ಜೊತೆ ಮಾತ್ರ ಪೂರ್ತಿ ಮಾತಾಡುತ್ತದೆ. ಹಾಗಾಗಿ ಐದು ಸೇರುತ್ತವೆ, ಮೂರು ಹೊರಗೆ ಉಳಿಯಬಹುದು. ಆ ಮೂರನ್ನು ಸಿಸ್ಟರ್ ಟೇಬಲ್ ಎದುರಿಗೆ ಬರುವ ಬೆಡ್‌ಗಳಿಗೆ ಹಾಕಿ, ಮುಂದೆ ಹೊಸದು ಕೊಳ್ಳುವಾಗ ಒಂದೇ ಕಂಪನಿಗೆ ಬನ್ನಿ. ಒಂದೇ ಕಂಪನಿಗೆ ಕಟ್ಟುಬಿದ್ದರೆ ಅವರು ಹೇಳಿದ್ದೇ ದರ ಎಂಬ ಅಪಾಯ ಇದೆ, ಅದನ್ನು ಸಿಎಂಸಿ ಎಂಬ ಪೂರ್ತಿ ನಿರ್ವಹಣೆಯ ಕರಾರಿನಲ್ಲಿ ಮೊದಲೇ ಕಟ್ಟಿಹಾಕಿ.

ಮುಂದೆ ಈ ಮಾಹಿತಿ ಆಸ್ಪತ್ರೆಯ ಸಾಫ್ಟ್‌ವೇರಿಗೂ ಹೋಗಲಿ ಎಂದು ನಿಮಗೆ ಅನ್ನಿಸಬಹುದು. ಆಗ ಎರಡು ನೆಟ್‌ವರ್ಕಿನ ನಡುವೆ ಫೈರ್‌ವಾಲ್ ಬೇಕು. ನಿಮ್ಮ ಕಡೆ ಘಟಪ್ರಭಾ ಕಾಲುವೆಯ ನೀರು ಹೊಲಕ್ಕೆ ಬರುವುದು ತೂಬಿನಿಂದ ಅಲ್ವಾ? ಕಾಲುವೆ ಒಡೆದು ಯಾರೂ ನೀರು ಬಿಡಿಸಿಕೊಳ್ಳುವುದಿಲ್ಲ. ಫೈರ್‌ವಾಲ್ ಒಂದು ತೂಬು. ಮಾನಿಟರ್ ಕಡೆಯಿಂದ ಮಾಹಿತಿ ಹೊರಗೆ ಹೋಗಲಿ, ಬಿಲ್ಲಿಂಗ್ ಕಡೆಯಿಂದ ಯಾವುದೂ ತಾನಾಗಿ ಒಳಗೆ ಬಾರದಿರಲಿ. ಯಾವ ಕಂಪ್ಯೂಟರಿನಿಂದ ಯಾವ ಕಂಪ್ಯೂಟರಿಗೆ ಎಂದು ಒಂದೊಂದಾಗಿ ಬರೆದು ತೆರೆಯಬೇಕು, ಉಳಿದದ್ದೆಲ್ಲ ಮುಚ್ಚಿರಬೇಕು.

ವೆಂಡರ್ ಹೇಳುವ ಮೊಬೈಲ್ ದಾರಿ ನಾಲ್ಕನೆಯದು. ಮನೆಯಲ್ಲಿ ಕೂತು ಟ್ರೇಸಿಂಗ್ ನೋಡಲು ಅದು ಉಪಯೋಗಕ್ಕೆ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಅಲಾರಂ ಆಸ್ಪತ್ರೆಯ ಇಂಟರ್‌ನೆಟ್, ಯಾರದೋ ಸರ್ವರ್, ಮೊಬೈಲ್ ಸಿಗ್ನಲ್, ನಿಮ್ಮ ಫೋನಿನ ಬ್ಯಾಟರಿ ಉಳಿಸುವ ಸೆಟ್ಟಿಂಗ್, ಇಷ್ಟನ್ನೂ ದಾಟಿ ಬರಬೇಕು. ಬರದಿದ್ದರೆ ಬಂದಿಲ್ಲ ಎಂದು ನಿಮಗೆ ತಿಳಿಯುವುದೂ ಇಲ್ಲ. ಆದ್ದರಿಂದ ಅದು ಎರಡನೇ ಕಣ್ಣು ಮಾತ್ರ. ಬೆಡ್ ಪಕ್ಕದ ಅಲಾರಮ್ಮಿನ ಸದ್ದನ್ನು ಅದಕ್ಕಾಗಿ ಯಾರೂ ಕಡಿಮೆ ಮಾಡಬಾರದು. ರೋಗಿಯ ಮಾಹಿತಿ ವೆಂಡರ್ ಸರ್ವರಿನಲ್ಲಿ ಕೂತರೂ ಹೊಣೆ ನಿಮ್ಮದೇ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ, ಮಾಹಿತಿಗೆ ತಕ್ಕ ಭದ್ರತೆ ಕೊಡದಿದ್ದರೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ ಇದೆ.

ಕಡಿಮೆ ಬೆಲೆಯ ಮಾನಿಟರ್ ಬಗ್ಗೆಯೂ ಒಂದು ಮಾತು. 2025ರ ಜನವರಿಯಲ್ಲಿ ಎಫ್‌ಡಿಎ ಮತ್ತು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ, ಕಾಂಟೆಕ್ ಸಿಎಂಎಸ್8000 ಮಾನಿಟರ್ ಬಗ್ಗೆ ಎಚ್ಚರಿಕೆ ಕೊಟ್ಟವು. ಅದರ ಸಾಫ್ಟ್‌ವೇರ್ ಒಳಗೆ ಹಿಂಬಾಗಿಲು ಇತ್ತು. ಇಂಟರ್‌ನೆಟ್ಟಿಗೆ ಸೇರಿಸಿದರೆ ರೋಗಿಯ ಮಾಹಿತಿಯನ್ನು ಹೊರಗಿನ ಒಂದು ವಿಳಾಸಕ್ಕೆ ಕಳಿಸುತ್ತಿತ್ತು. ಅದೇ ಮಾನಿಟರ್ ಬೇರೆ ಹೆಸರಿನಲ್ಲೂ ಮಾರಾಟವಾಗುತ್ತಿತ್ತು. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಮುಚ್ಚಿ, ಬೆಡ್ ಪಕ್ಕದಲ್ಲಿ ಮಾತ್ರ ಬಳಸಿ ಎಂಬುದು ಅವರ ಸಲಹೆ. ನಿಮ್ಮ ಎಂಟೂ ಮಾನಿಟರಿನ ಹಿಂದಿನ ಲೇಬಲ್ ಫೋಟೋ ತೆಗೆದು, ನಿಜವಾದ ತಯಾರಕರು ಯಾರು ಎಂದು ಮಗನಿಗೆ ಹುಡುಕಲು ಹೇಳಿ. ಅವನಿಗೆ ತಕ್ಕ ಕೆಲಸ ಇದು.

ಅಡ್ವಾನ್ಸ್ ಕೊಡುವ ಮುಂಚೆ ವೆಂಡರನ್ನು ಕೂರಿಸಿ ಕೇಳಿ. ಸೆಂಟ್ರಲ್ ಸ್ಟೇಷನ್ ಕಂಪ್ಯೂಟರಿನಲ್ಲಿ ಯಾವ ವಿಂಡೋಸ್? ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಪ್ಯಾಚ್ ಹಾಕುವುದು ಯಾರು, ಎಷ್ಟು ವರ್ಷ? ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಂಥದ್ದನ್ನು ಸದಾ ತೆರೆದಿಟ್ಟು ಹೋಗುತ್ತಾರಾ, ಅಥವಾ ನೀವು ಫೋನ್ ಮಾಡಿದಾಗ ಮಾತ್ರ ತೆರೆದು ಮುಚ್ಚುತ್ತಾರಾ? ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಬದಲಿಸಲು ಆಗುತ್ತದಾ? ಎಂಡಿಎಸ್2 ಎಂಬ ಭದ್ರತಾ ವಿವರದ ಫಾರಂ ಕೇಳಿ, ಒಳಗೆ ಯಾವ ಯಾವ ಸಾಫ್ಟ್‌ವೇರ್ ತುಣುಕುಗಳಿವೆ ಎಂಬ ಎಸ್‌ಬಾಮ್ ಪಟ್ಟಿ ಕೇಳಿ. 2023ರಿಂದ ಅಮೆರಿಕದಲ್ಲಿ ಹೊಸದಾಗಿ ಅನುಮತಿ ಕೇಳುವ ಇಂಥ ಸಾಧನಕ್ಕೆ ಎಸ್‌ಬಾಮ್ ಕಡ್ಡಾಯ. ಅಲ್ಲೂ ಮಾರುವ ಹೊಸ ಮಾಡೆಲ್ ಆಗಿದ್ದರೆ ಆ ಕಾಗದ ಅವರ ಬಳಿ ಇರಲೇಬೇಕು.

ಕೊನೆಗೆ ಒಂದು ಪರೀಕ್ಷೆ. ಡೆಮೋ ದಿನ ರೋಗಿ ಇಲ್ಲದ ಬೆಡ್ಡಿನಲ್ಲಿ ನಿಮ್ಮ ಬೆರಳಿಗೇ ಪ್ರೋಬ್ ಹಾಕಿ ಮಾನಿಟರ್ ಓಡಿಸಿ, ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಸೆಂಟ್ರಲ್ ಸ್ಕ್ರೀನಿನಲ್ಲಿ "ಈ ಬೆಡ್ ಸಂಪರ್ಕ ತಪ್ಪಿದೆ" ಎಂದು ಸದ್ದು ಮಾಡಿ ಹೇಳಬೇಕು. ಹಳೆಯ ಸಂಖ್ಯೆಯನ್ನೇ ಹಿಡಿದು ನಿಂತರೆ ಆ ಸಿಸ್ಟಮ್ ಬೇಡವೇ ಬೇಡ. ನೆಟ್‌ವರ್ಕ್ ಕೇಬಲ್ ಕಿತ್ತಿರುವಾಗಲೇ ಬೆರಳಿನಿಂದ ಪ್ರೋಬ್ ತೆಗೆಯಿರಿ, ಬೆಡ್ ಪಕ್ಕದ ಮಾನಿಟರ್ ಮೊದಲಿನಷ್ಟೇ ಜೋರಾಗಿ ಕೂಗಬೇಕು. ಇದನ್ನು ನಿಮ್ಮ ಪಾಲುದಾರರ ಎದುರಿಗೇ ಮಾಡಿ, ಅವರ ಆತಂಕಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಈ ಪರೀಕ್ಷೆಗೆ ವೆಂಡರ್ ಒಪ್ಪದಿದ್ದರೆ, ಅಥವಾ ಮೇಲಿನ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡದಿದ್ದರೆ, ರಿಯಾಯಿತಿಯ ತಾರೀಖು ಹೋದರೂ ಹೋಗಲಿ, ಅಡ್ವಾನ್ಸ್ ಚೆಕ್ಕಿಗೆ ಸಹಿ ಹಾಕಬೇಡಿ.